ಬಾಲ್ಕನಿ ಟ್ಯಾಕ್ಸ್

"ಮೊದಲು ಟ್ಯಾಕ್ಸು, ಆಮೇಲೆ ಬೆಂಕಿ," ಎಂದಳು ಪಿಟೀಲು.

ಅಜ್ಜ ಬಾಲ್ಕನಿಯ ಬಾಗಿಲಲ್ಲೇ ನಿಂತುಬಿಟ್ಟ. ಅವನ ತುಟಿಯಲ್ಲಿ ಸಿಗರೇಟಿತ್ತು, ಕೈಯಲ್ಲಿ ಬೆಂಕಿಪೊಟ್ಟಣವಿತ್ತು, ಎದುರಿಗೆ ದಾರಿಗಡ್ಡವಾಗಿ ಮೊಮ್ಮಗಳಿದ್ದಳು. ಮೊಮ್ಮಗಳ ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರ ಮುಚ್ಚಳದ ನಡುವೆ ನಾಣ್ಯ ತೂರುವಷ್ಟು ಸೀಳು. ಆ ಸೀಳನ್ನು ಅವಳು ಅಜ್ಜ ಅಪರೂಪಕ್ಕೆ ಬಳಸುವ ದೊಡ್ಡ ಬಟ್ಟೆ ಕತ್ತರಿಯಿಂದ ಕೊರೆದಿದ್ದಳು. ಕತ್ತರಿ ಈಗ ಬಟ್ಟೆ ಕತ್ತರಿಸುತ್ತಿರಲಿಲ್ಲ. ಆ ವಿಷಯ ಅಜ್ಜನಿಗೆ ಇನ್ನೂ ಗೊತ್ತಿರಲಿಲ್ಲ.

"ಯಾವ ಟ್ಯಾಕ್ಸು?"

"ಸಿಗರೇಟ್ ಟ್ಯಾಕ್ಸು. ಒಂದಕ್ಕೆ ಒಂದು ನಾಣ್ಯ. ನಿನ್ನೆ ಊಟಕ್ಕೆ ಕೂತಾಗ ಎಲ್ರೂ ಒಪ್ಪಿದ್ರಲ್ಲ."

"ನಾನು ಒಪ್ಪಲಿಲ್ಲ. ನಾನು ಕೆಮ್ತಾ ಇದ್ದೆ."

"ಕೆಮ್ಮಿದ್ದು ತಲೆಯಾಡಿಸಿದ ಹಾಗೆ ಕಾಣಿಸ್ತು," ಎಂದಳು ಪಿಟೀಲು. "ನಾನು ಒಪ್ಪಿಗೆ ಅಂತ ಲೆಕ್ಕ ಹಿಡಿದೆ."

ಪಿಟೀಲು ಅವಳ ನಿಜವಾದ ಹೆಸರಲ್ಲ. ನಿಜವಾದ ಹೆಸರನ್ನು ಶಾಲೆಯ ಹಾಜರಿಯಲ್ಲಿ ಮಾತ್ರ ಬಳಸುತ್ತಿದ್ದರು. ಹಸುಗೂಸಾಗಿದ್ದಾಗ ಅವಳು ಒಂದೇ ಸ್ವರದಲ್ಲಿ, ತೆಳ್ಳಗೆ, ಉದ್ದಕ್ಕೆ, ಉಸಿರು ಬಿಡದೆ ಅಳುತ್ತಿದ್ದಳಂತೆ. ಹತ್ತು ವರ್ಷದ ಪಿಟೀಲು ಈಗ ಅಷ್ಟೊಂದು ಅಳುವುದಿಲ್ಲ. ಆದರೆ ಒಂದು ವಿಷಯ ಶುರು ಹಚ್ಚಿಕೊಂಡಳೆಂದರೆ ಅದೇ ತಂತಿಯನ್ನು ಉಜ್ಜುತ್ತಲೇ ಇರುತ್ತಾಳೆ.

ಈ ಸಲದ ವಿಷಯ ಶುರುವಾದದ್ದು ಹಿಂದಿನ ದಿನ ಸಂಜೆ, ಮೂಲೆಯಂಗಡಿಯಲ್ಲಿ.

ಅಜ್ಜ ಎಂದಿನಂತೆ ಒಂದು ಪ್ಯಾಕು ಕೇಳಿದ, ಎಂದಿನಂತೆ ದುಡ್ಡು ಕೊಟ್ಟ. ಅಂಗಡಿಯವನು ಇನ್ನಷ್ಟು ಕೊಡಿ ಎಂದು ಕೈ ಚಾಚಿಯೇ ಇದ್ದ.

"ರೇಟು ಏರಿದೆ ಯಜಮಾನ್ರೇ. ಸರ್ಕಾರ ಟ್ಯಾಕ್ಸ್ ಏರಿಸಿದೆ."

"ಏರಿಸೋಕೆ ಏನು ಬಂದಿದೆ ನಿಮಗೆ?" ಅಜ್ಜ ಕೇಳಿದ್ದ, ಅಂಗಡಿಯವನೇ ಸರ್ಕಾರ ಎಂಬಂತೆ.

ಅಂಗಡಿಯವನಿಗೆ ಬೆಳಗಿನಿಂದ ಇದು ಅಭ್ಯಾಸವಾಗಿತ್ತು. "ನಿಮ್ಮ ಆರೋಗ್ಯಕ್ಕೋಸ್ಕರ," ಎಂದು ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದ್ದ.

ವಾಪಸ್ಸು ಬರುವಾಗ ಅಜ್ಜ ಮೆಟ್ಟಿಲಿನ ಉದ್ದಕ್ಕೂ ಗೊಣಗಿದ. ಅವರ ಮನೆ ಮೂರನೇ ಮಹಡಿಯಲ್ಲಿ. ಪ್ರತಿ ತಿರುವಿನಲ್ಲೂ ಅವನು ನಿಂತು, ಕಟಕಟೆ ಹಿಡಿದುಕೊಂಡು, ಸರ್ಕಾರಕ್ಕೆ ಒಂದು ಮಾತು ಬೈದು ಮುಂದಕ್ಕೆ ಹತ್ತುತ್ತಿದ್ದ. ಬೈಯುವುದಕ್ಕೆಂದೇ ನಿಲ್ಲುತ್ತಿದ್ದೇನೆ ಎಂಬ ಹಾಗೆ ಮುಖ ಮಾಡಿಕೊಳ್ಳುತ್ತಿದ್ದ. ಪಿಟೀಲಿಗೆ ಗೊತ್ತಿತ್ತು, ನಿಲ್ಲುವುದು ಉಸಿರಿಗೆ. ಆದರೂ ಅವಳು ಬೈಗುಳ ಕೇಳುತ್ತಿರುವವಳಂತೆ ಪಕ್ಕದಲ್ಲಿ ನಿಂತಳು.

ಊಟದ ಹೊತ್ತಿಗೆ ಆ ಮಾತು ಮೇಜಿನ ಮೇಲೆ ಬಂತು.

"ಇನ್ನೂ ಏರಿಸ್ಬೇಕಿತ್ತು," ಎಂದಳು ಅಮ್ಮ. ಅವಳು ಅಜ್ಜನ ಮಗಳು. ಹಾಗಾಗಿ ಅವಳಿಗೆ ಅಂಜಿಕೆಯಿಲ್ಲ. "ನನ್ನ ಕೇಳಿದ್ರೆ ಡಬಲ್ ಮಾಡ್ಬೇಕು."

"ನಿನ್ನ ಅಪ್ಪನ ಜೇಬು ಕಣೇ ಅದು."

"ಜೇಬಿನ ಹಿಂದೆ ನನ್ನ ಅಪ್ಪನ ಎದೆನೂ ಇದೆ."

ಅಜ್ಜ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಅಲ್ಲಿ ಸಿಗರೇಟಿನ ಪ್ಯಾಕು ಇತ್ತು.

"ಅಲ್ಲ ಮಾವ, ಕೆಟ್ಟದ್ದು ದುಬಾರಿ ಆದ್ರೆ ಜನ ಕೊಳ್ಳೋದು ಕಮ್ಮಿ ಆಗುತ್ತೆ. ಅದು ಲೆಕ್ಕ," ಎಂದ ಅಪ್ಪ, ತನ್ನ ಲೋಟಕ್ಕೆ ಎರಡನೇ ಸಲ ಕೋಲಾ ಸುರಿದುಕೊಳ್ಳುತ್ತಾ. ಅಪ್ಪ ಸಿಟಿ ಬಸ್ಸು ಓಡಿಸುತ್ತಾನೆ. ದಿನವಿಡೀ ಬಿಸಿಲಲ್ಲಿ ಕೂತು ಬಂದವನಿಗೆ ಕೋಲಾ ಬೇಕೇ ಬೇಕು ಎಂದು ಅವನೇ ತೀರ್ಮಾನಿಸಿಕೊಂಡಿದ್ದ.

"ಏನು ಲೆಕ್ಕ? ದುಡ್ಡಿರೋನು ಸುಮ್ನೆ ಸೇದ್ತಾನೆ. ದುಡ್ಡಿಲ್ದೋನು ಬೇರೆ ಏನೋ ಬಿಟ್ಟು ಸೇದ್ತಾನೆ. ಸಿಗರೇಟು ಬಿಟ್ಟೋನು ಯಾರು ತೋರಿಸಿ ನೋಡೋಣ," ಎಂದ ಅಜ್ಜ. ಆಮೇಲೆ ಅವನಿಗೆ ಕೆಮ್ಮು ಬಂತು. ತಟ್ಟೆಯ ಪಕ್ಕದ ಚಮಚ ಅಲುಗಾಡಿತು.

ಪಿಟೀಲು ಯೋಚಿಸಿದಳು. ಸರ್ಕಾರ ಟ್ಯಾಕ್ಸ್ ಹಾಕಿದೆ. ಅಜ್ಜ ಗೊಣಗಿಕೊಂಡು ಕೊಂಡಿದ್ದಾನೆ, ಸೇದಿಯೂ ಸೇದಿದ್ದಾನೆ. ಅಂದರೆ ಟ್ಯಾಕ್ಸು ಸಾಲದು. ಅಮ್ಮ ಹೇಳಿದ್ದು ಸರಿ. ಆದರೆ ಸರ್ಕಾರ ಅಮ್ಮನ ಮಾತು ಕೇಳುವ ಹಾಗೆ ಕಾಣಲಿಲ್ಲ. ಮನೆಯಲ್ಲೇ ಒಂದು ಸರ್ಕಾರ ಆಗುವುದು ಒಳ್ಳೆಯದು.

ಅಲ್ಲಿಂದ ಬಂತು ಡಬ್ಬಿ.

"ಸರಿ," ಎಂದ ಅಜ್ಜ ಈಗ ಬಾಗಿಲಲ್ಲಿ ನಿಂತು. "ಟ್ಯಾಕ್ಸ್ ಕಟ್ಟೋನು ಒಂದು ಪ್ರಶ್ನೆ ಕೇಳ್ಬಹುದಾ?"

"ಕೇಳು."

"ಈ ದುಡ್ಡು ಏನ್ ಮಾಡ್ತೀಯ?"

ಪಿಟೀಲು ಅಲ್ಲಿಯವರೆಗೆ ಯೋಚಿಸಿರಲಿಲ್ಲ. "ಸಾರ್ವಜನಿಕ ಕೆಲಸ," ಎಂದಳು.

"ಯಾವುದು?"

"ಸ್ಕೇಟ್ಸ್."

ಮಾತು ಬಾಯಿಂದ ಜಾರಿತ್ತು. ಶಾಲೆಯಲ್ಲಿ ಸ್ಕೇಟಿಂಗ್ ಕ್ಲಾಸ್ ಶುರುವಾಗುವುದರಲ್ಲಿತ್ತು. ಸ್ವಂತ ಸ್ಕೇಟ್ಸ್ ಇದ್ದವರು ಮಾತ್ರ ಹೆಸರು ಕೊಡಿ ಎಂದು ಪಿ.ಟಿ. ಸರ್ ಹೇಳಿದ್ದರು. ಅವಳ ಕ್ಲಾಸಿನಲ್ಲಿ ಎಲ್ಲರೂ ಉದ್ದಜಡೆ ಎನ್ನುತ್ತಿದ್ದ ಹುಡುಗಿಗೆ ಹಳೆಯ ಸ್ಕೇಟ್ಸ್ ಬಿಗಿಯಾಗುತ್ತಿದ್ದವು. ಉದ್ದಜಡೆ ಅವನ್ನು ಮಾರುವುದಾಗಿ ಹೇಳಿದ್ದಳು, ಅದೂ ಕಡಿಮೆಗೆ.

"ಸ್ಕೇಟ್ಸು ಸಾರ್ವಜನಿಕ ಕೆಲಸ ಹೇಗಾಗುತ್ತೆ?"

"ಒಂದು ದಿನ ನಾನು, ಒಂದು ದಿನ ತಮ್ಮ. ಇಬ್ರು ಅಂದ್ರೆ ಸಾರ್ವಜನಿಕ."

ಅಜ್ಜ ಜೇಬಿನಿಂದ ಒಂದು ನಾಣ್ಯ ತೆಗೆದು ಸೀಳಿನಲ್ಲಿ ತೂರಿಸಿದ. ಠಣ್ ಎಂದಿತು.

"ದಾರಿ ಬಿಡು, ಸರ್ಕಾರ," ಎಂದ.

ಮನೆಯ ಸರ್ಕಾರ ಅಜ್ಜನೊಬ್ಬನಿಗೇ ಟ್ಯಾಕ್ಸ್ ಹಾಕಿದರೆ ನ್ಯಾಯವಲ್ಲ. ಹಾಗಾಗಿ ಅಪ್ಪನ ಕೋಲಾಕ್ಕೆ ಟ್ಯಾಕ್ಸ್ ಬಿತ್ತು. ಅಮ್ಮ ಟೀಗೆ ಹಾಕಿಕೊಳ್ಳುವ ಎರಡನೇ ಚಮಚ ಸಕ್ಕರೆಗೂ ಬಿತ್ತು. ತಮ್ಮನ ಚಿಪ್ಸಿಗೆ ಬಿತ್ತು. ತಮ್ಮನಿಗೆ ಆರು ವರ್ಷ. ಅವನಿಗೆ ಟ್ಯಾಕ್ಸು ಎಂದರೇನೆಂದು ಗೊತ್ತಿರಲಿಲ್ಲ, ಆದರೆ ಅನ್ಯಾಯ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

"ನಿನ್ನ ಚಾಕ್ಲೇಟಿಗೆ?" ಎಂದು ಕೇಳಿದ.

"ಚಾಕ್ಲೇಟು ಹಾನಿಕಾರಕ ಅಲ್ಲ."

"ಯಾರು ಹೇಳಿದ್ದು?"

"ಸರ್ಕಾರ," ಎಂದಳು ಪಿಟೀಲು.

ತಮ್ಮ ಅಳಲು ಬಾಯಿ ತೆರೆದ. ಸರ್ಕಾರ ತಕ್ಷಣ ಚಿಪ್ಸಿನ ಮೇಲಿನ ಟ್ಯಾಕ್ಸನ್ನು ಮನ್ನಾ ಮಾಡಿತು.

ಮೊದಮೊದಲು ಡಬ್ಬಿ ಚೆನ್ನಾಗಿ ಠಣ್ ಠಣ್ ಎನ್ನುತ್ತಿತ್ತು. ಆದರೆ ಅಮ್ಮ ಬಹಳ ಬೇಗ ಒಂದೇ ಚಮಚ ಸಕ್ಕರೆಗೆ ಇಳಿದಳು. "ಅಭ್ಯಾಸ ಆದ್ಮೇಲೆ ಇದೇ ಚೆನ್ನಾಗಿದೆ," ಎಂದಳು. ಅಪ್ಪನಿಗೆ ಕೋಲಾ ಬಿಡಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಲೋಟ ಎತ್ತಿದಾಗೆಲ್ಲ ಎದುರಿಗೆ ಡಬ್ಬಿ ಹಿಡಿದು ನಿಂತ ಮಗಳು. ಒಂದು ದಿನ ಅವನು ಬಾಟಲಿ ತೆರೆಯಲೇ ಇಲ್ಲ, ನೀರು ಕುಡಿದು ಎದ್ದುಬಿಟ್ಟ. ಮರುದಿನವೂ ಹಾಗೇ ಮಾಡಿದ. ವಾರ ಕಳೆದ ಮೇಲೆ ಬೆಲ್ಟು ಒಂದು ತೂತಿನಷ್ಟು ಬಿಗಿಯಾಗಿದೆ ಎಂದು ಮನೆಯವರಿಗೆಲ್ಲ ತೋರಿಸಿದ.

ಎಲ್ಲರೂ ಪಿಟೀಲನ್ನು ಹೊಗಳಿದರು. ಪಿಟೀಲು ಮುಖ ಸಿಂಡರಿಸಿಕೊಂಡು ಡಬ್ಬಿ ಅಲ್ಲಾಡಿಸಿ ನೋಡಿದಳು. ಅದು ಅರ್ಧವೂ ತುಂಬಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಅವಳು ಕೈಯೆತ್ತಿದಳು. ಸಮಾಜ ಪಾಠದ ಟೀಚರ್ ಕಪ್ಪುಹಲಗೆಯ ಮೇಲೆ 'ತೆರಿಗೆ' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಸಿಗರೇಟು, ಗುಟ್ಕಾ, ಹೆಂಡ ಇಂಥ ಕೆಟ್ಟ ವಸ್ತುಗಳಿಗೆ ಹೆಚ್ಚು ತೆರಿಗೆ ಹಾಕುತ್ತಾರೆ, ಅದರಿಂದ ಜನ ಅವನ್ನು ಬಿಡುತ್ತಾರೆ, ಸರ್ಕಾರಕ್ಕೂ ಹಣ ಬರುತ್ತದೆ ಎಂದು ಅವರು ವಿವರಿಸಿದ್ದರು.

"ಮಿಸ್, ಎಲ್ರೂ ಬಿಟ್ಟುಬಿಟ್ರೆ ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತೆ?"

ಟೀಚರ್ ಚಾಕ್‌ಪೀಸು ಎತ್ತಿ ಹಲಗೆಯ ಗೆರೆಯನ್ನು ಇನ್ನೊಮ್ಮೆ ತಿದ್ದಿದರು.

"ಎಲ್ರೂ ಬಿಡಲ್ಲ," ಎಂದರು.

"ಬಿಡಲಿ ಅಂತ ತಾನೇ ಮಿಸ್ ಹಾಕೋದು?"

"ಬೆಲ್ ಆಯ್ತು, ಪುಸ್ತಕ ಮುಚ್ಚಿ," ಎಂದರು ಟೀಚರ್.

ಬೆಲ್ ಆಗಿರಲಿಲ್ಲ. ಆದರೂ ಎಲ್ಲರೂ ಪುಸ್ತಕ ಮುಚ್ಚಿದರು.

ಹಾಗೆ ಮನೆಯಲ್ಲಿ ಟ್ಯಾಕ್ಸ್ ಕಟ್ಟಲು ಉಳಿದವನು ಅಜ್ಜನೊಬ್ಬನೇ. ಅಜ್ಜ ಮಾತ್ರ ನಂಬಿಕಸ್ಥ. ಬೆಳಿಗ್ಗೆ ಟೀ ಆದ ಮೇಲೆ ಒಂದು, ಊಟ ಆದ ಮೇಲೆ ಒಂದು, ಸಂಜೆ ಹೊಲಿಗೆ ಮುಗಿಸಿ ಒಂದು. ಅಜ್ಜ ಟೈಲರ್. ಹಿಂದೆ ಪೇಟೆಯಲ್ಲಿ ಅಂಗಡಿ ಇಟ್ಟಿದ್ದವನು ಈಗ ಮನೆಯ ಕಿಟಕಿ ಪಕ್ಕದಲ್ಲೇ ಮಷೀನ್ ಹಾಕಿಕೊಂಡು ಆಲ್ಟರೇಷನ್ ಮಾಡುತ್ತಿದ್ದ. ದಪ್ಪಗಾದವರ ಪ್ಯಾಂಟು ಸಡಿಲ ಮಾಡುವುದು, ಸಣ್ಣಗಾದವರ ಪ್ಯಾಂಟು ಬಿಗಿ ಮಾಡುವುದು, ಉದ್ದ ಇದ್ದದ್ದನ್ನು ಮೊಟಕು ಮಾಡುವುದು. ಅದರಿಂದ ಬಂದ ಚಿಲ್ಲರೆಯಲ್ಲೇ ಅವನ ಸಿಗರೇಟು ಬರುತ್ತಿತ್ತು, ಅದರಲ್ಲೇ ಪಿಟೀಲಿನ ಟ್ಯಾಕ್ಸೂ ಹೋಗುತ್ತಿತ್ತು.

ಒಂದು ದಿನ ಬಾಲ್ಕನಿಯಿಂದ ಬೇರೆ ಥರದ ವಾಸನೆ ಬಂತು. ಹಳೇ ಚಾಪೆಗೆ ಬೆಂಕಿ ಬಿದ್ದ ಹಾಗಿತ್ತು.

"ಇದೇನಜ್ಜ ಈ ವಾಸನೆ?"

"ಅಗ್ಗದ್ದು," ಎಂದ ಅಜ್ಜ. "ಎರಡೆರಡು ಸರ್ಕಾರ ಸಾಕ್ಬೇಕಲ್ಲ."

ಅಗ್ಗದ್ದಕ್ಕೆ ಕೆಮ್ಮು ಹೆಚ್ಚು. ಮೊದಲು ಚಮಚ ಮಾತ್ರ ಅಲುಗಾಡುತ್ತಿತ್ತು, ಈಗ ಮಷೀನಿನ ಡ್ರಾಯರಿನಲ್ಲಿರುವ ನೂಲಿನ ಉಂಡೆಗಳೂ ಉರುಳತೊಡಗಿದವು. ಪಿಟೀಲಿಗೆ ಇದು ಸರಿ ಬರಲಿಲ್ಲ. ಅಗ್ಗದ್ದಕ್ಕೆ ಟ್ಯಾಕ್ಸು ಜಾಸ್ತಿ ಮಾಡಬೇಕೋ ಕಮ್ಮಿ ಮಾಡಬೇಕೋ ಅವಳಿಗೆ ಹೊಳೆಯಲಿಲ್ಲ. ಹಾಗಾಗಿ ಮೊದಲಿದ್ದಷ್ಟೇ ಇಟ್ಟಳು.

ಅದಾದ ಮೇಲೆ ಸಂಜೆಯ ನಾಣ್ಯ ಬೀಳುವುದು ನಿಂತಿತು. ಬೆಳಿಗ್ಗೆ ಒಂದು, ಊಟಕ್ಕೊಂದು, ಅಷ್ಟೇ. ಸಂಜೆಯಾದರೆ ಅಜ್ಜ ಚಪ್ಪಲಿ ಮೆಟ್ಟಿಕೊಂಡು, "ಹಾಗೇ ಒಂದು ಸುತ್ತು ಹಾಕಿ ಬರ್ತೀನಿ" ಎಂದು ಕೆಳಗಿಳಿಯುತ್ತಿದ್ದ. ಮೂರು ಮಹಡಿ ಹತ್ತಲು ಏದುಸಿರು ಬಿಡುವವನಿಗೆ ಸುತ್ತಾಡುವ ಹುಚ್ಚು ಎಲ್ಲಿಂದ ಬಂತು?

ಪಿಟೀಲು ತಮ್ಮನನ್ನು ಕರೆದುಕೊಂಡು ಹಿಂದೆಯೇ ಹೋದಳು.

ಅಜ್ಜ ಹೋದದ್ದು ರಸ್ತೆಯಾಚೆಗಿನ ಕಟಿಂಗ್ ಶಾಪಿಗೆ. ಅವನ ತಲೆಯಲ್ಲಿ ಕತ್ತರಿಸಲು ಅಂಥದ್ದೇನೂ ಉಳಿದಿರಲಿಲ್ಲ. ಅವನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ ನೆಮ್ಮದಿಯಾಗಿ ಹೊಗೆ ಬಿಡುತ್ತಿದ್ದ. ಅದೇ ಕನ್ನಡಿಯಲ್ಲಿ ಬಾಗಿಲ ಬಳಿ ಎರಡು ತಲೆ ಕಾಣಿಸಿದವು, ಒಂದು ಮೇಲೆ, ಒಂದು ಕೆಳಗೆ.

"ಟ್ಯಾಕ್ಸ್ ತಪ್ಪಿಸ್ತಾ ಇದೀಯ!" ಎಂದಳು ಪಿಟೀಲು.

"ತಪ್ಪಿಸ್ತಾ ಇದೀಯ!" ಎಂದ ತಮ್ಮ.

ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಕಟಿಂಗ್ ಮಾಮ ಬ್ರಷ್ಷನ್ನು ಹಾಗೇ ಹಿಡಿದು ತಿರುಗಿದ. ಅವನಿಗೆ ಎಲ್ಲ ಗೊತ್ತಿದ್ದಂತಿತ್ತು.

"ಅದು ನಿಮ್ಮ ದೇಶದ ಕಾನೂನು," ಎಂದ. "ಈ ಹೊಸಿಲು ದಾಟಿದ್ರೆ ಬೇರೆ ದೇಶ. ಇಲ್ಲಿ ಟ್ಯಾಕ್ಸ್ ಇಲ್ಲ."

ನೊರೆಯೊಳಗಿದ್ದ ಗಿರಾಕಿ ಹೌದೆಂಬಂತೆ ತಲೆಯಾಡಿಸಿದ.

"ಹಾಗಾದ್ರೆ ಇಲ್ಲೇ ಇರು," ಎಂದಳು ಪಿಟೀಲು ಅಜ್ಜನಿಗೆ. "ಊಟಕ್ಕೂ ಇಲ್ಲೇ ಇರು."

ಅಜ್ಜ ಸಿಗರೇಟನ್ನು ನೆಲಕ್ಕೆ ಉಜ್ಜಿ ಆರಿಸಿ, ಎದ್ದು, ಮಕ್ಕಳ ಹಿಂದೆ ಬಂದ. ಮೆಟ್ಟಿಲ ಎರಡನೇ ತಿರುವಿನಲ್ಲಿ ನಿಂತಾಗ ಈ ಸಲ ಯಾರನ್ನೂ ಬೈಯಲಿಲ್ಲ. ಕಟಕಟೆ ಹಿಡಿದು ತುಂಬಾ ಹೊತ್ತು ನಿಂತ. ಹಣೆಯ ಮೇಲೆ ಬೆವರು ಮೂಡಿತ್ತು.

"ಅಜ್ಜ, ಬೈಯಲ್ವಾ?" ಎಂದು ತಮ್ಮ ಕೇಳಿದ.

"ನಾಳೆ ಬೈತೀನಿ," ಎಂದ ಅಜ್ಜ.

ಮನೆಗೆ ಬಂದ ಮೇಲೆ ತಪ್ಪಿಸಿದ ದಿನಗಳ ಟ್ಯಾಕ್ಸನ್ನು ಯಾರೂ ಕೇಳದೆ ಅವನೇ ಕಟ್ಟಿದ. ಪಿಟೀಲು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಶಬ್ದ ಗಟ್ಟಿಯಾಗಿತ್ತು. ಉದ್ದಜಡೆ ಹೇಳಿದ ಬೆಲೆಗೆ ಇನ್ನು ಎರಡೇ ಎರಡು ನಾಣ್ಯ ಬೇಕಿತ್ತು.

"ಸೋಮವಾರ ತಂದ್ರೆ ನಿಂಗೆ ಕೊಡ್ತೀನಿ," ಎಂದಿದ್ದಳು ಉದ್ದಜಡೆ. "ಇಲ್ದಿದ್ರೆ ಬಿ ಸೆಕ್ಷನ್‌ನೋಳು ಕೇಳ್ತಿದ್ದಾಳೆ."

ಅಂದು ಶುಕ್ರವಾರ. ಸೋಮವಾರದೊಳಗೆ ಎರಡು ನಾಣ್ಯ ಅಜ್ಜನ ಮಟ್ಟಿಗೆ ಏನೂ ಅಲ್ಲ. ಶನಿವಾರ ಮಧ್ಯಾಹ್ನಕ್ಕೇ ಆಗಿಹೋಗುತ್ತದೆ. ಪಿಟೀಲು ಆ ರಾತ್ರಿ ಹಾಸಿಗೆಯಲ್ಲೇ ಕಾಲು ಜಾರಿಸಿ ಜಾರಿಸಿ ಅಭ್ಯಾಸ ಮಾಡಿದಳು.

ಶನಿವಾರ ಬೆಳಿಗ್ಗೆ ಟೀ ಆಯಿತು. ಅಜ್ಜ ಬಾಲ್ಕನಿಗೆ ಬರಲಿಲ್ಲ.

ಊಟ ಆಯಿತು. ಬರಲಿಲ್ಲ.

ಸಂಜೆ ಪಿಟೀಲು ಕಟಿಂಗ್ ಶಾಪಿನ ಎದುರು ಎರಡು ಸಲ ಓಡಾಡಿ ಬಂದಳು. ಬೆಂಚು ಖಾಲಿ ಇತ್ತು. "ನಿಮ್ಮ ಅಜ್ಜ ಈ ದೇಶಕ್ಕೆ ಬಂದಿಲ್ಲಮ್ಮ," ಎಂದ ಕಟಿಂಗ್ ಮಾಮ.

ಭಾನುವಾರವೂ ಬೆಳಿಗ್ಗೆ ಹೋಯಿತು, ಮಧ್ಯಾಹ್ನ ಹೋಯಿತು. ಅಪ್ಪ ಬಸ್ಸಿನ ಡ್ಯೂಟಿಗೆ ಹೋಗಿದ್ದ. ಅಮ್ಮ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಮ್ಮ ನೆಲದ ಮೇಲೆ ಮಲಗಿ ನಿದ್ದೆ ಹೋಗಿದ್ದ. ಅಜ್ಜ ಮಷೀನಿನ ಮುಂದೆ ಕೂತಿದ್ದ. ಅವನ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳು. ಬಾಯಲ್ಲಿ ಇನ್ನೇನನ್ನೂ ಇಡಲು ಜಾಗವಿರಲಿಲ್ಲ. ಕಾಲು ಪೆಡಲಿನ ಮೇಲೆ ಕುಣಿಯುತ್ತಿತ್ತು, ಆದರೆ ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಪಿಟೀಲು ಹತ್ತಿರ ಹೋದಳು.

"ಅಜ್ಜಾ, ಬಾಲ್ಕನಿಗೆ ಬರಲ್ವಾ?"

"ಯಾಹೆ?" ಎಂದ ಅಜ್ಜ ಗುಂಡುಸೂಜಿಗಳ ಎಡೆಯಿಂದ.

"ಗಾಳಿ ಚೆನ್ನಾಗಿದೆ."

ಅಜ್ಜ ಒಂದೊಂದೇ ಗುಂಡುಸೂಜಿಯನ್ನು ತುಟಿಯಿಂದ ತೆಗೆದು ಮೆತ್ತೆಗೆ ಚುಚ್ಚಿದ. ಎಲ್ಲ ಮುಗಿದ ಮೇಲೆ ಕೇಳಿದ: "ನಿಂಗೆ ಗಾಳಿ ಚೆನ್ನಾಗಿರೋದು ಯಾವಾಗಿಂದ ಗೊತ್ತಾಗ್ತಿದೆ?"

ಪಿಟೀಲು ಕೈಯಲ್ಲಿದ್ದದ್ದನ್ನು ಮಷೀನಿನ ಮೇಲಿಟ್ಟಳು.

ಬೆಂಕಿಪೊಟ್ಟಣ. ಅದರ ಪಕ್ಕ ಸಿಗರೇಟಿನ ಪ್ಯಾಕು.

ಅವೆರಡನ್ನೂ ಅಜ್ಜ ಜೇಬಿನಿಂದ ತೆಗೆದು ಫ್ರಿಜ್ಜಿನ ಮೇಲೆ ಇಟ್ಟುಬಿಟ್ಟಿದ್ದ. ಫ್ರಿಜ್ಜಿನ ಮೇಲೆ ಅವಳ ಕೈ ಎಟಕುವುದಿಲ್ಲ. ಅಂದರೆ ಅವಳು ಸ್ಟೂಲು ಎಳೆದಿರಬೇಕು, ಹತ್ತಿರಬೇಕು, ಇಳಿದಿರಬೇಕು, ಸ್ಟೂಲನ್ನು ಮತ್ತೆ ಅದರ ಜಾಗದಲ್ಲಿ ಇಟ್ಟಿರಬೇಕು. ಅದೆಲ್ಲ ಯಾವಾಗ ಮಾಡಿದಳೋ ಅವಳಿಗೇ ತಿಳಿಯಲಿಲ್ಲ.

ಅಜ್ಜ ಪ್ಯಾಕನ್ನು ನೋಡಿದ, ಅವಳನ್ನು ನೋಡಿದ.

"ಎಷ್ಟು ಕಮ್ಮಿ ಇದೆ?" ಎಂದು ಕೇಳಿದ. ಸಿಟ್ಟಿನಿಂದಲ್ಲ. ಪ್ಯಾಂಟು ತಂದವರನ್ನು ಎಷ್ಟು ಮೊಟಕು ಮಾಡಲಿ ಎಂದು ಕೇಳುವ ಹಾಗೆ.

"ಎರಡು."

"ಎರಡೇನಾ?"

"ನಾಳೆ ಕೊನೇ ದಿನ. ನೀನು ನಿನ್ನೆಯಿಂದ..." ಎಂದು ಶುರು ಮಾಡಿದ ಪಿಟೀಲು ಅಲ್ಲಿಗೇ ನಿಂತಳು.

ಅಜ್ಜ ಎದ್ದ. ಮೊಣಕಾಲು ಲಟಕ್ಕೆಂದಿತು. ಅವನು ಮುಂದೆ, ಪಿಟೀಲು ಹಿಂದೆ, ಇಬ್ಬರೂ ಬಾಲ್ಕನಿಗೆ ಹೋದರು. ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಅಜ್ಜ ಒಂದು ಸಿಗರೇಟು ತೆಗೆದು ತುಟಿಗಿಟ್ಟುಕೊಂಡ.

"ಸರ್ಕಾರ ಕಷ್ಟದಲ್ಲಿದ್ರೆ ಪ್ರಜೆ ಕೈ ಕಟ್ಟಿ ಕೂರೋಕಾಗುತ್ತಾ," ಎಂದ.

ಈಗ ನಗುತ್ತಾನೆ ಎಂದು ಪಿಟೀಲು ಕಾದಳು. ಅಜ್ಜ ನಗಲಿಲ್ಲ. ಅವನ ಕಣ್ಣು ಸಿಗರೇಟಿನ ತುದಿಯ ಮೇಲೇ ಇತ್ತು. ಎರಡು ದಿನದಿಂದ ಹಲ್ಲು ಕಚ್ಚಿ ಹಿಡಿದುಕೊಂಡಿದ್ದನ್ನು ಬಿಟ್ಟುಬಿಡಲು ಅವನಿಗೊಂದು ನೆಪ ಬೇಕಿತ್ತು. ಆ ನೆಪವನ್ನು ಸ್ಟೂಲು ಹತ್ತಿ ಇಳಿಸಿ ತಂದುಕೊಟ್ಟವಳು ಪಕ್ಕದಲ್ಲೇ ನಿಂತಿದ್ದಳು.

ಅವನು ಕಡ್ಡಿ ಗೀರಿದ.

ಪಿಟೀಲು ಉಫ್ ಎಂದು ಊದಿದಳು. ಕಡ್ಡಿ ಆರಿತು.

ಅಜ್ಜ ಆರಿದ ಕಡ್ಡಿಯನ್ನು ನೋಡಿದ. ಇನ್ನೊಂದು ಗೀರಿದ. ಅವಳು ಮತ್ತೆ ಊದಿದಳು. ಮೂರನೆಯದನ್ನು ಅವನು ಅಂಗೈ ಅಡ್ಡ ಹಿಡಿದು ಗೀರಿದ. ಅವಳು ತುದಿಗಾಲಲ್ಲಿ ನಿಂತು, ಅಂಗೈಯ ಸಂದಿಗೆ ಬಾಯಿ ಹಾಕಿ, ಕೆನ್ನೆ ಉಬ್ಬಿಸಿ ಊದಿದಳು. ಎಷ್ಟು ಜೋರಾಗಿ ಊದಿದಳೆಂದರೆ ಅವಳ ಕಣ್ಣಲ್ಲೇ ನೀರು ಬಂತು.

ಅಜ್ಜ ಸಿಗರೇಟನ್ನು ತುಟಿಯಿಂದ ತೆಗೆದು ಪ್ಯಾಕಿಗೆ ಸೇರಿಸಿದ. ಕೆಳಗಿನ ಸ್ಕೂಟರ್ ಸುಮ್ಮನಾಯಿತು.

"ನೀನು ಹೇಳಿದ್ದು ನಿಜ," ಎಂದ ಕೊನೆಗೆ. "ಗಾಳಿ ಜೋರಾಗೇ ಇದೆ."

"ಹೂಂ," ಎಂದಳು ಪಿಟೀಲು, ತೋಳಿನಿಂದ ಮೂಗು ಒರೆಸಿಕೊಂಡು. "ತುಂಬಾ."

ಒಳಗೆ ಬಂದ ಮೇಲೆ ಅಜ್ಜ ಒಳ್ಳೆಯವನಾಗಿಬಿಟ್ಟ ಎಂದೇನೂ ಇಲ್ಲ. ಆ ಸಂಜೆಯ ಅಜ್ಜನಷ್ಟು ಕೆಟ್ಟ ಅಜ್ಜ ಯಾವ ಮನೆಯಲ್ಲೂ ಇರಲಿಕ್ಕಿಲ್ಲ. ನಿದ್ದೆಯಿಂದ ಎದ್ದ ತಮ್ಮನಿಗೆ ಕಾಲು ಬಡಿಯುತ್ತೀಯ ಎಂದು ಗದರಿದ. ಟೀ ತಣ್ಣಗಿದೆ ಎಂದ, ಬಿಸಿ ಮಾಡಿ ತಂದರೆ ಸುಡುತ್ತದೆ ಎಂದ. ಅಮ್ಮ ಬಾಯಿ ತೆರೆಯಲು ಹೋದಳು. ಪಿಟೀಲು ಅವಳ ಸೆರಗು ಹಿಡಿದು ಎಳೆದಳು. ಅಮ್ಮ ಏನೋ ತಿಳಿದವಳಂತೆ ಒಳಗೆ ಹೋದಳು.

ದೊಡ್ಡ ಕತ್ತರಿ ಎತ್ತಿಕೊಂಡ ಅಜ್ಜ ಅದು ಬಟ್ಟೆಯನ್ನು ಅಗಿಯುವುದನ್ನು ಕಂಡು, "ಯಾವ ಕತ್ತೆ ಇದನ್ನ ಹಿಡ್ಕೊಂಡಿದ್ದು?" ಎಂದು ಕಿರುಚಿದ.

"ನಾನು," ಎಂದಳು ಪಿಟೀಲು.

ಬೈಗುಳ ಧಾರಾಳವಾಗಿ ಬಂತು. ಅವಳು ಎದ್ದು ಹೋಗಲಿಲ್ಲ. ಸ್ಟೂಲನ್ನು ಮಷೀನಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಬೈದು ಬೈದು ಸಾಕಾದ ಮೇಲೆ ಅಜ್ಜ ಒಂದು ಪ್ಯಾಂಟನ್ನು ಅವಳ ತೊಡೆಯ ಮೇಲೆ ಎಸೆದ.

"ಈ ಅಂಚಿನ ಹೊಲಿಗೆ ಬಿಚ್ಚು. ಕೈ ಖಾಲಿ ಇಟ್ಕೋಬೇಡ."

"ಹೇಗೆ?"

"ಸೂಜಿ ಮೊನೇಲಿ ಒಂದು ಕಡೆ ಮೇಲಕ್ಕೆತ್ತು. ಆಮೇಲೆ ದಾರ ಎಳಿ. ಮೆಲ್ಲಗೆ. ಬಟ್ಟೆ ಎಳೀಬೇಡ, ದಾರ ಎಳಿ."

ಇಬ್ಬರೂ ಪ್ಯಾಂಟಿನ ಒಂದೊಂದು ಕಾಲನ್ನು ಹಿಡಿದು ಬಿಚ್ಚಿದರು. ಅಜ್ಜನ ಸಿಡುಕು ಕೆಲಸದಲ್ಲಿ ಸ್ವಲ್ಪ ಮರೆಯಾಗುತ್ತಿತ್ತು. ಮತ್ತೆ ಬರುತ್ತಿತ್ತು.

"ಯಾಕಜ್ಜ ಬಿಟ್ಟೆ?" ಎಂದು ಕೇಳಿದಳು, ತಲೆಯೆತ್ತದೆ. "ಟ್ಯಾಕ್ಸಿಗಾ?"

ಅಜ್ಜ ದಾರ ಎಳೆದ. "ಸರ್ಕಾರದ ಟ್ಯಾಕ್ಸು ಒಂದು. ನಿನ್ನ ಡಬ್ಬಿ ಒಂದು. ಮೊನ್ನೆ ಆ ಮೆಟ್ಟಿಲ ಹತ್ರ ನಿಂತಾಗ, ಇನ್ನು ಮೇಲೆ ಹತ್ತೋದೇ ಇಲ್ವೇನೋ ಅನ್ನಿಸ್ತಲ್ಲ, ಅದೊಂದು. ಒಬ್ಬೊಬ್ರಾಗಿ ಬಂದಿದ್ರೆ ಸಂಭಾಳಿಸ್ತಿದ್ದೆ. ಎಲ್ಲಾ ಒಟ್ಟಿಗೆ ಬಂದ್ರು."

"ಈಗ ಪೂರ್ತಿ ಬಿಟ್ಟೆಯಾ?"

"ಗೊತ್ತಿಲ್ಲ," ಎಂದ ಅಜ್ಜ. "ಈಗ ಈ ಪ್ಯಾಂಟು ಬಿಚ್ತಾ ಇದೀನಿ."

ಆ ರಾತ್ರಿ ಮಲಗುವ ಮುಂಚೆ ಡಬ್ಬಿಯ ನಾಣ್ಯಗಳೆಲ್ಲ ಅಜ್ಜನ ನೂಲಿನ ಡ್ರಾಯರ್ ಸೇರಿದವು. ಬೆಳಿಗ್ಗೆ ನೂಲು ತೆಗೆಯಲು ಹೋದ ಅಜ್ಜ ಅವನ್ನು ಕಂಡ. ಒಂದೊಂದಾಗಿ ಎಣಿಸಿ ಡ್ರಾಯರ್ ಮುಚ್ಚಿದ.

ಸೋಮವಾರ ಉದ್ದಜಡೆ ಸ್ಕೇಟ್ಸನ್ನು ಬಿ ಸೆಕ್ಷನ್‌ನವಳಿಗೆ ಮಾರಿದಳು. ಸ್ಕೇಟಿಂಗ್ ಕ್ಲಾಸ್ ನಡೆಯುತ್ತಿದ್ದಾಗ ಪಿಟೀಲು ಕಟ್ಟೆಯ ಮೇಲೆ ಕೂತು ನೋಡಿದಳು. ಬಿ ಸೆಕ್ಷನ್‌ನವಳು ಶುರುವಿನಲ್ಲೇ ಮೂರು ಸಲ ಬಿದ್ದಳು. ಅದರಿಂದ ಸ್ವಲ್ಪ ಸಮಾಧಾನವಾಯಿತು. ನಾಲ್ಕನೇ ಸಲ ಅವಳು ಬೀಳದೆ ಕಂಬದವರೆಗೂ ಹೋದಳು. ಅದನ್ನು ನೋಡಿ ಪಿಟೀಲು ಚೀಲದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಸುತ್ತಿ ಬಿಚ್ಚಿದಳು.

ಬುಧವಾರ ಸಂಜೆ ತಮ್ಮ ನೆಲದ ಮೇಲೆ ಮಲಗಿದ್ದ, ಅವಳು ಮಷೀನಿನ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಯಾರದೋ ದಪ್ಪ ಬಟ್ಟೆಯ ಕೋಟು, ಅದರ ತೋಳಿನ ಹೊಲಿಗೆ ಬಿಚ್ಚಬೇಕಿತ್ತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಅದು ಮೊದಲ ತಿರುವಿನಲ್ಲಿ ನಿಂತಿತು, ಎರಡನೆಯದರಲ್ಲಿ ನಿಂತಿತು. ಆಮೇಲೆ ಬಾಗಿಲು ತೆರೆಯಿತು. ಅಜ್ಜನ ಜೊತೆಗೇ ಕಟಿಂಗ್ ಶಾಪಿನ ಪೌಡರಿನ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು.

ಅವನು ಚಪ್ಪಲಿಯನ್ನೂ ಬಿಡದೆ ಹೊಸಿಲಲ್ಲೇ ನಿಂತ.

"ಒಂದು ಸೇದಿದೆ," ಎಂದ, ಯಾರೂ ಕೇಳುವ ಮುಂಚೆಯೇ.

"ಹಾಂ! ಎಷ್ಟು ಫೈನು ಅಕ್ಕ?" ಎಂದು ತಮ್ಮ ನೆಲದಿಂದ ಎದ್ದು ಕೂತ. "ಅಕ್ಕಾ, ಎಷ್ಟು ಹಾಕೋಣ?"

ಪಿಟೀಲು ಅಜ್ಜನ ಮುಖ ನೋಡಿದಳು. ಪರೀಕ್ಷೆಯಲ್ಲಿ ಕಮ್ಮಿ ಅಂಕ ತಂದು ಬಾಗಿಲ ಬಳಿ ನಿಂತಾಗ ತಾನೂ ಹೀಗೇ ಕಾಣುತ್ತೇನೋ ಏನೋ ಎನ್ನಿಸಿತು ಅವಳಿಗೆ.

"ಕೆಮ್ಮು ಬಂತಾ?" ಎಂದು ಕೇಳಿದಳು.

"ಬಂತು."

ಅವಳು ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ಸರಿದು, ಕೋಟಿನ ಇನ್ನೊಂದು ತೋಳನ್ನು ಅವನ ಕಡೆಗೆ ಚಾಚಿದಳು.

"ಇಲ್ಲಿ ದಾರ ತುಂಬಾ ಬಿಗಿಯಾಗಿದೆ ಅಜ್ಜ. ನಂಗೊಬ್ಬಳಿಗೆ ಬರ್ತಿಲ್ಲ."

ಅಜ್ಜ ಚಪ್ಪಲಿ ಬಿಟ್ಟ. ಕನ್ನಡಕ ಹುಡುಕಿ ಹಾಕಿಕೊಂಡ. ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು.

"ಎಲ್ಲಿ, ತೋರ್ಸು," ಎಂದು ಅವಳ ಪಕ್ಕ ಕೂತ.